ಕಾರ್ಡ್ ಮುಟ್ಟಿಸುವ ತಾಳವೇ ಪಾಸ್‌ವರ್ಡ್ ಆದರೆ, ಗಡಿಯಾರ ಯಾರ ಕೈಲಿರಬೇಕು?

2024ರ ಆಗಸ್ಟ್‌ನಲ್ಲಿ ಇಸೆಟ್ ಎಂಬ ಸೈಬರ್ ಭದ್ರತಾ ಕಂಪನಿ ಎನ್‌ಗೇಟ್ ಅನ್ನುವ ಆಂಡ್ರಾಯ್ಡ್ ಮಾಲ್‌ವೇರ್ ಬಗ್ಗೆ ವರದಿ ಹೊರತಂದಿತು. ಜೆಕ್ ದೇಶದ ಮೂರು ಬ್ಯಾಂಕ್‌ಗಳ ಗ್ರಾಹಕರು ಅದರ ಗುರಿ. ಬ್ಯಾಂಕಿನದೇ ಆಪ್ ಅಂತ ನಂಬಿಸಿ, ಪಿನ್ ಕೇಳಿ, ಫೋನಿನ ಎನ್‌ಎಫ್‌ಸಿ (ಹತ್ತಿರ ಹಿಡಿದ ಕಾರ್ಡ್ ಜೊತೆ ಮಾತಾಡುವ ಸೌಲಭ್ಯ) ಆನ್ ಮಾಡಿಸಿ, ಕಾರ್ಡನ್ನು ಫೋನಿನ ಬೆನ್ನಿಗೆ ಹಿಡಿಯಿರಿ ಅಂತ ಅದು ಹೇಳುತ್ತಿತ್ತು. ಹಿಡಿದದ್ದೇ ತಡ, ಕಾರ್ಡ್ ಆಡಿದ ಮಾತೆಲ್ಲ ಇಂಟರ್‌ನೆಟ್ ದಾಟಿ ಇನ್ನೆಲ್ಲೋ ಇದ್ದ ಕಳ್ಳನ ಫೋನಿಗೆ ಹೋಗುತ್ತಿತ್ತು. ಆ ಫೋನನ್ನು ಎಟಿಎಂಗೆ ಮುಟ್ಟಿಸಿದರೆ ಅದಕ್ಕೆ ಅಸಲಿ ಕಾರ್ಡೇ ಬಂದಂತೆ ಕಾಣುತ್ತದೆ. ಮುಂದಿನ ವರ್ಷ, 2025ರ ಏಪ್ರಿಲ್‌ನಲ್ಲಿ, ಇಟಲಿಯ ಕ್ಲೀಫಿ ಕಂಪನಿ ಸೂಪರ್‌ಕಾರ್ಡ್ ಎಕ್ಸ್ ಅನ್ನುವ ಇಂಥದ್ದೇ ಇನ್ನೊಂದು ಮಾಲ್‌ವೇರ್ ಬಗ್ಗೆ ಎಚ್ಚರಿಸಿತು.

ಇಂಥ ಸುದ್ದಿಯ ಜೊತೆಗೇ ಒಂದು ಪರಿಹಾರದ ಮಾತೂ ಓಡಾಡುತ್ತದೆ. ಕಾರ್ಡನ್ನು ರೀಡರ್‌ಗೆ ಹೇಗೆ, ಯಾವ ತಾಳದಲ್ಲಿ ಮುಟ್ಟಿಸುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತೀರಿ, ಎಷ್ಟು ಬೇಗ ತೆಗೆಯುತ್ತೀರಿ ಅನ್ನುವುದನ್ನೇ ಅಳೆದು ಇದು ನೀವೇ ಅಂತ ಗುರುತಿಸಬಹುದು ಅನ್ನುವ ಮಾತು. ಕೇಳಲು ಚೆನ್ನಾಗಿದೆ. ಆದರೆ ಇದರಲ್ಲಿ ಎರಡು ಮೂರು ಬೇರೆ ಬೇರೆ ವಿಷಯಗಳು ಕಲೆಸಿಹೋಗಿವೆ. ಹಾಗಾಗಿ ಕೆಲವರಿಗೆ ಇದು ಎಲ್ಲ ಕಳ್ಳತನಕ್ಕೂ ಮದ್ದು ಅಂತ ಕಾಣುತ್ತದೆ, ಇನ್ನು ಕೆಲವರಿಗೆ ಸುಮ್ನೆ ಆಟ ಅಂತ ಕಾಣುತ್ತದೆ. ಎರಡೂ ಸರಿಯಲ್ಲ. ಅಳೆಯುವ ಗಡಿಯಾರ ಯಾರ ಕೈಯಲ್ಲಿದೆ ಅಂತ ಕೇಳಿಕೊಂಡರೆ ಗೊಂದಲ ಬಹಳಷ್ಟು ಬಿಡಿಸಿಕೊಳ್ಳುತ್ತದೆ.

ಒಂದು ಟ್ಯಾಪ್‌ನೊಳಗೆ ಏನಾಗುತ್ತದೆ

ಸಾಮಾನ್ಯ ಕಾಂಟ್ಯಾಕ್ಟ್‌ಲೆಸ್ ಕಾರ್ಡ್‌ನಲ್ಲಿ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ ಪದರಗಳ ನಡುವೆ ತೆಳ್ಳಗಿನ ತಂತಿಯ ಸುರುಳಿ, ಅದಕ್ಕೆ ಜೋಡಿಸಿದ ಚಿಪ್, ಅಷ್ಟೇ. ರೀಡರ್ 13.56 ಮೆಗಾಹರ್ಟ್ಸ್‌ನಲ್ಲಿ ಮಿಡಿಯುವ ಕಾಂತಕ್ಷೇತ್ರವನ್ನು ಹರಡುತ್ತದೆ. ಕಾರ್ಡ್ ಅದರೊಳಗೆ ಬಂದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಚಿಪ್‌ಗೆ ಜೀವ ಬರುತ್ತದೆ. ಇಂಥ ಕಾರ್ಡ್‌ಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14443ರ ಪ್ರಕಾರ ಕ್ಷೇತ್ರ ಸಿಕ್ಕ 5 ಮಿಲಿಸೆಕೆಂಡ್‌ನಲ್ಲಿ ಕಾರ್ಡ್ ಮಾತಿಗೆ ಸಿದ್ಧವಾಗಿರಬೇಕು. ರೀಡರ್ ಕೇಳುತ್ತದೆ, ಕಾರ್ಡ್ ತನ್ನೊಳಗಿನ ಗುಪ್ತ ಕೀಲಿ ಬಳಸಿ ಲೆಕ್ಕ ಹಾಕಿ ಉತ್ತರ ಕೊಡುತ್ತದೆ, ಹೆಚ್ಚೆಂದರೆ ಅರ್ಧ ಸೆಕೆಂಡ್ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಕೈ ಹಿಂದಕ್ಕೆ ಬಂದರೆ ಚಿಪ್ ಮತ್ತೆ ಆಫ್.

ಈ ಸಂಭಾಷಣೆ ಸಾಬೀತು ಮಾಡುವುದು ಒಂದನ್ನೇ: ಅಸಲಿ ಕಾರ್ಡ್ ಮಾತಾಡಿತು ಅಂತ. ಅದನ್ನು ಹಿಡಿದವರು ಯಾರು, ಅವರಿಗೆ ಹಣ ಕೊಡುವ ಮನಸ್ಸಿತ್ತಾ, ಕಾರ್ಡ್ ನಿಜಕ್ಕೂ ಈ ರೀಡರ್‌ನ ಮುಂದೆಯೇ ಇತ್ತಾ, ಈ ಮೂರಕ್ಕೂ ಅದರಲ್ಲಿ ಉತ್ತರ ಇಲ್ಲ. ಸದ್ಯಕ್ಕೆ ಈ ಖಾಲಿ ಜಾಗವನ್ನು ತುಂಬಿರುವುದು ಮಿತಿಗಳು. ಯುರೋಪಿನ ನಿಯಮದಲ್ಲಿ ಪಿನ್ ಇಲ್ಲದ ಒಂದು ಟ್ಯಾಪ್‌ಗೆ 50 ಯುರೋ ಮಿತಿ ಇದೆ, ಜೊತೆಗೆ ಒಟ್ಟು 150 ಯುರೋ ಆದ ಮೇಲೆ ಅಥವಾ ಸತತ ಐದು ಟ್ಯಾಪ್ ಆದ ಮೇಲೆ ಗುರುತು ಸಾಬೀತು ಮಾಡಬೇಕು. ಅಂದರೆ ಕಳ್ಳನನ್ನು ಯಾರೂ ತಡೆಯುತ್ತಿಲ್ಲ, ಅವನಿಗೆ ಸಿಗುವ ಮೊತ್ತಕ್ಕೆ ಬೇಲಿ ಹಾಕಿದ್ದಾರೆ. ಕೈಯ ತಾಳವನ್ನು ಅಳೆಯುವ ಯೋಚನೆಗೆ ಬೆಲೆ ಬರುವುದು ಇಲ್ಲಿಯೇ. ಬೇರೆ ಬಟನ್ ಬೇಡ, ಬೇರೆ ಪರದೆ ಬೇಡ, ಹೇಗಿದ್ದರೂ ಮಾಡುವ ಚಲನೆಯಲ್ಲೇ ಗುರುತು ಸಿಕ್ಕಿಬಿಟ್ಟರೆ ಒಳ್ಳೆಯದೇ ಅಲ್ವಾ?

ಎರಡು ಸಮಯ, ಎರಡು ಬಗೆಯ ಕಳ್ಳರು

ಸುದ್ದಿಗಳಲ್ಲಿ ಸಮಯ ಅಳೆಯುವುದು ಅಂದಾಗ ಅದು ಎರಡರಲ್ಲಿ ಒಂದಾಗಿರುತ್ತದೆ. ಒಂದು ಯಂತ್ರದ ಸಮಯ, ಇನ್ನೊಂದು ಕೈಯ ಸಮಯ.

ಮೊದಲನೆಯದು ಎನ್‌ಗೇಟ್‌ನಂಥ ರಿಲೇ ಕಳ್ಳತನಕ್ಕೆ, ಅಂದರೆ ಕಾರ್ಡ್‌ನ ಮಾತನ್ನು ದೂರಕ್ಕೆ ದಾಟಿಸುವ ಕಳ್ಳತನಕ್ಕೆ, ಉತ್ತರ. ಬೆಳಕು ಮತ್ತು ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡ್‌ನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತವೆ, ಅದಕ್ಕಿಂತ ಬೇಗ ಯಾವ ಸಂದೇಶವೂ ಹೋಗದು. ರೀಡರ್ ಒಂದು ಪ್ರಶ್ನೆ ಎಸೆದು, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಸೂಕ್ಷ್ಮವಾಗಿ ಅಳೆದರೆ ಕಾರ್ಡ್ ಎಷ್ಟು ದೂರದೊಳಗೆ ಇರಲೇಬೇಕು ಅನ್ನುವುದು ಗೊತ್ತಾಗುತ್ತದೆ. ಸ್ಟೀಫನ್ ಬ್ರಾಂಡ್ಸ್ ಮತ್ತು ಡೇವಿಡ್ ಚಾಮ್ ಈ ವಿಧಾನವನ್ನು 1993ರಲ್ಲೇ ಬರೆದಿಟ್ಟಿದ್ದರು. 2005ರಲ್ಲಿ ಗೆರ್ಹಾರ್ಡ್ ಹ್ಯಾಂಕೆ ಅನ್ನುವ ಸಂಶೋಧಕರು ಕಾಂಟ್ಯಾಕ್ಟ್‌ಲೆಸ್ ಕಾರ್ಡ್‌ನ ಸಂಭಾಷಣೆಯನ್ನು 50 ಮೀಟರ್ ದೂರಕ್ಕೆ ರಿಲೇ ಮಾಡಿ ತೋರಿಸಿದರು. 2007ರಲ್ಲಿ ಕೇಂಬ್ರಿಜ್‌ನ ಸಾರ್ ಡ್ರೈಮರ್ ಮತ್ತು ಸ್ಟೀವನ್ ಮರ್ಡಾಕ್ ಚಿಪ್ ಮತ್ತು ಪಿನ್ ಕಾರ್ಡ್‌ಗಳಿಗೂ ರಿಲೇ ನಡೆಯುತ್ತದೆ ಅಂತ ತೋರಿಸಿ, ಅದಕ್ಕೆ ಇದೇ ದೂರ ಅಳೆಯುವ ಮದ್ದನ್ನೂ ಮುಂದಿಟ್ಟರು.

ಹಾಗಿದ್ದರೂ ರಿಲೇ ಇವತ್ತಿಗೂ ನಡೆಯುತ್ತಿರುವುದು ಯಾಕೆ? ಮಾನದಂಡ ತುಂಬಾ ಉದಾರವಾಗಿದೆ, ಅದಕ್ಕೆ. ಕಾರ್ಡ್‌ನ ಉತ್ತರಕ್ಕೆ ರೀಡರ್ ಎಷ್ಟು ಕಾಯಬೇಕು ಅನ್ನುವುದನ್ನು ಕಾರ್ಡೇ ಹೇಳಬಹುದು, ಮತ್ತು ಐಎಸ್‌ಒ 14443ರಲ್ಲಿ ಆ ಕಾಯುವಿಕೆ 4.9 ಸೆಕೆಂಡ್‌ವರೆಗೂ ಹೋಗಬಹುದು. ಸಾಲದಿದ್ದರೆ ಇನ್ನಷ್ಟು ಕಾಯಿ ಅಂತಲೂ ಕೇಳಬಹುದು. ಇಂಟರ್‌ನೆಟ್‌ನಲ್ಲಿ ಸಂದೇಶ ಒಂದು ಖಂಡದಿಂದ ಇನ್ನೊಂದಕ್ಕೆ ಹೋಗಿ ಬರಲು ಸೆಕೆಂಡ್‌ನ ಒಂದು ಭಾಗ ಸಾಕು. ನಿಧಾನದ ಚಿಪ್‌ಗಳಿಗೆ ಅನುಕೂಲ ಆಗಲಿ ಅಂತ ಬಿಟ್ಟ ಬಾಗಿಲು ಇದು, ಕಳ್ಳರು ಅದರಲ್ಲೇ ಒಳಗೆ ಬರುತ್ತಿದ್ದಾರೆ. ಈ ಬಾಗಿಲನ್ನು ಕಿರಿದು ಮಾಡುವ ರಿಲೇ ತಡೆ ವಿಧಾನವೊಂದು ಮಾಸ್ಟರ್‌ಕಾರ್ಡ್‌ನ ಕಾಂಟ್ಯಾಕ್ಟ್‌ಲೆಸ್ ನಿಯಮಾವಳಿಯಲ್ಲಿ ಇದೆ. ಅದರಲ್ಲಿ ಸಮಯವನ್ನು ಅಳೆಯುವುದು ನೂರು ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ.

ಎರಡನೆಯದು, ಅಂದರೆ ಕೈಯ ಸಮಯ, ಪೂರ್ತಿ ಬೇರೆ ಅಳತೆ. ಮನುಷ್ಯನ ಕೈ ಕೆಲಸ ಮಾಡುವುದು ಹತ್ತಾರು, ನೂರಾರು ಮಿಲಿಸೆಕೆಂಡ್‌ಗಳಲ್ಲಿ. ಈ ಅಳತೆಯಲ್ಲಿ ದೂರ ಗೊತ್ತಾಗುವುದಿಲ್ಲ. ಒಂದು ಮಿಲಿಸೆಕೆಂಡ್‌ನಲ್ಲೇ ಬೆಳಕು 300 ಕಿಲೋಮೀಟರ್ ಹೋಗಿಬಿಡುತ್ತದಲ್ಲ. ಇದು ಉತ್ತರ ಕೊಡಲು ನೋಡುವುದು ಇನ್ನೊಂದು ಪ್ರಶ್ನೆಗೆ: ಬಿದ್ದು ಸಿಕ್ಕ ಅಥವಾ ಕದ್ದ ಕಾರ್ಡ್ ಹಿಡಿದಿರುವ ಈ ಕೈ ಮಾಲೀಕರದ್ದಾ?

ಹಾಗಾಗಿ ರಿಲೇ ಮಾಲ್‌ವೇರ್ ಸುದ್ದಿಯನ್ನೂ ಕೈತಾಳದ ಪರಿಹಾರವನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ಗೊಂದಲದ ಮೂಲ. ಎನ್‌ಗೇಟ್‌ನಲ್ಲಿ ಕಾರ್ಡ್ ಹಿಡಿದಿದ್ದವರು ಅಸಲಿ ಮಾಲೀಕರೇ. ಪಿನ್ ಒತ್ತಿದವರೂ ಅವರೇ. ನಿಮ್ಮ ತಾಳವನ್ನೂ ಒಮ್ಮೆ ಬಾರಿಸಿ ಅಂತ ಅದೇ ಆಪ್ ಕೇಳಿದ್ದರೆ ಅದನ್ನೂ ಬಾರಿಸಿ ತೋರಿಸುತ್ತಿದ್ದರು.

ಕೈಯ ತಾಳದಲ್ಲೂ ಎರಡು ಬಗೆ

ಒಂದು, ನಾವು ಬೇಕಂತ ಆರಿಸಿಕೊಂಡ ತಾಳ. ಕಾರ್ಡನ್ನು ಮೂರು ಸಲ ಬೇಗ, ಒಂದು ಸಲ ತಡೆದು, ಮತ್ತೆ ಒಂದು ಸಲ ಬೇಗ ಮುಟ್ಟಿಸುವುದು. ಇದು ನೆನಪಿಟ್ಟುಕೊಳ್ಳುವ ಗುಟ್ಟು, ಪಿನ್‌ನ ಅಣ್ಣತಮ್ಮ. ಇನ್ನೊಂದು, ನಮಗೇ ಗೊತ್ತಿಲ್ಲದೆ ಕೈಗೆ ಅಂಟಿರುವ ರೀತಿ. ಕೆಲವರು ಕಾರ್ಡನ್ನು ಒತ್ತಿ ಹಿಡಿಯುತ್ತಾರೆ, ಕೆಲವರು ಸವರಿಕೊಂಡು ಹೋಗುತ್ತಾರೆ, ಬೀಪ್ ಕೇಳಿದ ಮೇಲೂ ಒಂದು ಕ್ಷಣ ತಡೆದು ತೆಗೆಯುವವರೂ ಇದ್ದಾರೆ.

ಎರಡನೆಯ ಬಗೆಗೆ ಹಳೆಯ ಇತಿಹಾಸ ಇದೆ. ಮೋರ್ಸ್ ಸಂಕೇತ ಕಳಿಸುವ ತಂತಿ ಆಪರೇಟರ್‌ಗಳು ಒಬ್ಬರನ್ನೊಬ್ಬರು ಬಡಿತದ ಶೈಲಿಯಿಂದಲೇ ಗುರುತಿಸುತ್ತಿದ್ದರು, ಎರಡನೇ ಮಹಾಯುದ್ಧದಲ್ಲಿ ಬೇಹುಗಾರಿಕೆಗೂ ಅದು ಬಳಕೆಯಾಯಿತು. 1980ರಲ್ಲಿ ಅಮೆರಿಕದ ರ್‍ಯಾಂಡ್ ಸಂಶೋಧನಾ ಸಂಸ್ಥೆ ಟೈಪ್ ಮಾಡುವ ಬೆರಳಿನ ಸಮಯದಿಂದ ವ್ಯಕ್ತಿಯನ್ನು ಗುರುತಿಸಬಹುದೇ ಅಂತ ಒಂದು ಆರಂಭಿಕ ವರದಿ ಪ್ರಕಟಿಸಿತು. ಈಗ ಎಷ್ಟೋ ಆನ್‌ಲೈನ್ ಸೇವೆಗಳು ಹಿನ್ನೆಲೆಯಲ್ಲಿ ಸದ್ದಿಲ್ಲದೆ ಇದನ್ನೇ ಮಾಡುತ್ತವೆ.

ಆದರೆ ಟೈಪಿಂಗ್‌ಗೂ ಟ್ಯಾಪ್‌ಗೂ ದೊಡ್ಡ ವ್ಯತ್ಯಾಸ ಇದೆ. ಒಂದು ಸಾಲು ಟೈಪ್ ಮಾಡಿದರೆ ಹತ್ತಾರು ಅಂತರಗಳು ಅಳತೆಗೆ ಸಿಗುತ್ತವೆ. ಒಂದು ಟ್ಯಾಪ್‌ನಲ್ಲಿ ಸಿಗುವುದು ಬಂದ ಹೊತ್ತು, ಹೋದ ಹೊತ್ತು, ಅಷ್ಟೇ. ಅದೊಂದು ಸಂಖ್ಯೆಯಿಂದ ಲಕ್ಷಾಂತರ ಜನರಲ್ಲಿ ಒಬ್ಬರನ್ನು ಆರಿಸುತ್ತೇವೆ ಅನ್ನುವುದು ಆಗದ ಮಾತು. ಹಾಗಾಗಿ ಬರಿ ಕಾರ್ಡ್ ಮಾತ್ರ ಇರುವ ಕಡೆ ಉಳಿಯುವುದು ಮೊದಲ ಬಗೆ, ಬೇಕಂತ ಬಾರಿಸುವ ತಾಳ.

ಕಾರ್ಡ್‌ಗೆ ಗಡಿಯಾರವೇ ಇಲ್ಲ

ಇಲ್ಲಿಗೆ ಬಂದಾಗಲೇ ವಿಷಯ ನಿಜಕ್ಕೂ ಸ್ವಾರಸ್ಯ ಆಗುವುದು. ತಾಳವನ್ನು ಅಳೆಯುವವರು ಯಾರು?

ಕಾರ್ಡೇ ಅಳೆಯಲಿ ಅನ್ನೋಣ. ಅದು ಒಳ್ಳೆಯ ಉತ್ತರ ಅನಿಸುತ್ತದೆ, ಯಾಕಂದರೆ ಗುಟ್ಟು ಕಾರ್ಡ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆದರೆ ಕ್ಷೇತ್ರದಿಂದ ಹೊರಬಂದ ಕಾರ್ಡ್‌ಗೆ ವಿದ್ಯುತ್ ಇಲ್ಲ. ವಿದ್ಯುತ್ ಇಲ್ಲದಾಗ ಎಷ್ಟು ಹೊತ್ತು ಕಳೆಯಿತು ಅಂತ ಅದಕ್ಕೆ ಗೊತ್ತಾಗುವ ದಾರಿಯೂ ಇಲ್ಲ. ಎರಡು ಟ್ಯಾಪ್‌ಗಳ ನಡುವೆ ಕಾಲು ಸೆಕೆಂಡ್ ಆಯಿತೋ ಒಂದು ವಾರ ಆಯಿತೋ, ಮತ್ತೆ ಜೀವ ಬಂದ ಚಿಪ್‌ಗೆ ಎರಡೂ ಒಂದೇ. ತಾಳ ಅಂದರೆ ಬಡಿತಗಳ ನಡುವಿನ ಬಿಡುವು. ಕಾರ್ಡ್ ಸತ್ತಂತಿರುವುದು ಸರಿಯಾಗಿ ಆ ಬಿಡುವಿನಲ್ಲೇ.

ಇದಕ್ಕೊಂದು ಜಾಣ ಉಪಾಯವನ್ನು ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ 2012ರಲ್ಲಿ ತೋರಿಸಿದ್ದರು. ವಿದ್ಯುತ್ ಹೋದಾಗ ಚಿಪ್‌ನ ಮೆಮೊರಿ ತಕ್ಷಣ ಅಳಿಸಿಹೋಗುವುದಿಲ್ಲ, ಮೆಲ್ಲಗೆ ಕರಗುತ್ತದೆ. ಮತ್ತೆ ವಿದ್ಯುತ್ ಬಂದಾಗ ಎಷ್ಟು ಕರಗಿದೆ ಅಂತ ನೋಡಿ ಕಳೆದ ಸಮಯವನ್ನು ಊಹಿಸಬಹುದು. ಆದರೆ ಇದು ಒರಟು ಅಂದಾಜು, ಬಿಸಿಲು ಚಳಿಗೂ ಬದಲಾಗುತ್ತದೆ. ಕಳ್ಳ ಒಂದೇ ಸಮನೆ ಸಾವಿರ ಸಲ ಪಿನ್ ಊಹಿಸುವುದನ್ನು ನಿಧಾನ ಮಾಡಲು ಸಾಕಾಗಬಹುದು, ತಾಳ ಹಿಡಿಯಲು ಸಾಕಾಗದು.

ಸರಿ, ಕಾರ್ಡನ್ನು ಹೊರಗೆ ತೆಗೆಯದೆ ಕ್ಷೇತ್ರದೊಳಗೇ ಹತ್ತಿರ ದೂರ ಆಡಿಸಿದರೆ? ಆಗ ಚಿಪ್‌ಗೆ ವಿದ್ಯುತ್ ಇರುತ್ತದೆ, ಕ್ಷೇತ್ರದ ಬಲ ಏರಿ ಇಳಿಯುವುದೂ ಅದಕ್ಕೆ ತಿಳಿಯುತ್ತದೆ, ಸಮಯದ ಎಣಿಕೆಗೆ 13.56 ಮೆಗಾಹರ್ಟ್ಸ್ ಮಿಡಿತವೇ ಇದೆ. ಇದು ನಡೆಯುತ್ತದೆ, ಆದರೆ ಒಂದು ಕೊಕ್ಕೆ ಇದೆ. ಆ ಮಿಡಿತ ಕೊಡುತ್ತಿರುವುದು ರೀಡರ್. ಕ್ಷೇತ್ರದ ಬಲವೂ ರೀಡರ್‌ನದೇ. ಕಳ್ಳ ರೀಡರ್ ಒಂದು ತನ್ನ ಕ್ಷೇತ್ರವನ್ನು ತಾನೇ ಏರಿಸಿ ಇಳಿಸಿದರೆ, ಜೇಬಿನಲ್ಲಿ ಅಲುಗಾಡದೆ ಕೂತ ಕಾರ್ಡ್‌ಗೂ ಯಾರೋ ತನ್ನನ್ನು ಆಡಿಸುತ್ತಿದ್ದಾರೆ ಅನಿಸುತ್ತದೆ. ಯಾರ ಮೇಲೆ ಅನುಮಾನವೋ ಅವರ ಗಡಿಯಾರವನ್ನೇ ಸಾಲ ತಂದು ತನಿಖೆ ಮಾಡಿದ ಹಾಗಾಯಿತು.

ಇದಕ್ಕೆ ಗಟ್ಟಿ ಉತ್ತರ ಅಂದರೆ ಕಾರ್ಡ್‌ನೊಳಗೆ ಚಲನೆಯನ್ನು ತಿಳಿಯುವ ಸೆನ್ಸರ್ ಇಡುವುದು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲೆಕ್ಸಿ ಚೆಸ್ಕಿಸ್ ಮತ್ತು ಸಂಗಡಿಗರು ಆಕ್ಸೆಲರೋಮೀಟರ್ ಅನ್ನುವ ಚಲನೆಯ ಸೆನ್ಸರ್ ಇರುವ ಆರ್‌ಎಫ್‌ಐಡಿ ಟ್ಯಾಗ್‌ನಲ್ಲಿ (ರೇಡಿಯೋ ಅಲೆಯಿಂದ ಓದುವ ಚಿಪ್‌ನಲ್ಲಿ) ಇದನ್ನು ಮಾಡಿದರು. ಮಾಲೀಕರು ಗೊತ್ತುಪಡಿಸಿದ ರೀತಿಯಲ್ಲಿ ಆಡಿಸಿದರೆ ಮಾತ್ರ ಟ್ಯಾಗ್ ಬಾಯಿ ಬಿಡುತ್ತದೆ. ರೇಡಿಯೋ ಅಲೆ ಕಳಿಸಿ ಇನ್ನೊಬ್ಬರ ಜೇಬಿನಲ್ಲಿರುವ ಕಾರ್ಡನ್ನು ಅಲುಗಾಡಿಸಲು ಆಗುವುದಿಲ್ಲವಲ್ಲ, ಅಲ್ಲೇ ಅದರ ಶಕ್ತಿ. ತೊಂದರೆ ಖರ್ಚಿನದು. ಹೆಚ್ಚುವರಿ ಬಿಡಿಭಾಗ, ಹೆಚ್ಚು ವಿದ್ಯುತ್, ಬಾಗುವ ತೆಳ್ಳಗಿನ ಪ್ಲಾಸ್ಟಿಕ್‌ನಲ್ಲಿ ವರ್ಷಗಟ್ಟಲೆ ಬಾಳುವ ಸೆನ್ಸರ್. ಕೋಟಿಗಟ್ಟಲೆ ಕಾರ್ಡ್ ಹಂಚುವವರಿಗೆ ಸಣ್ಣ ಖರ್ಚೂ ದೊಡ್ಡದೇ.

ರೀಡರ್ ಅಳೆದರೆ

ಹಾಗಾದರೆ ಗಡಿಯಾರವನ್ನು ರೀಡರ್ ಕೈಗೆ ಕೊಡೋಣ. ಅದಕ್ಕೆ ವಿದ್ಯುತ್ ಇದೆ, ಒಳ್ಳೆಯ ಗಡಿಯಾರ ಇದೆ, ಈಗಿನ ಕಾರ್ಡ್‌ಗಳನ್ನು ಬದಲಿಸುವುದೂ ಬೇಡ. ಈ ವಿಧಾನವನ್ನು ಮುಂದಿಡುವವರ ದೊಡ್ಡ ವಾದ ಇದೇ, ಮತ್ತು ಅದು ಹಗುರ ವಾದವಲ್ಲ. ಹಳೆಯ ಬಾಗಿಲು ಬೀಗಗಳಿಗೆ, ಹಾಜರಿ ಯಂತ್ರಗಳಿಗೆ, ಬರಿ ಕಾರ್ಡ್ ಓದಿ ತೆರೆದುಕೊಳ್ಳುವ ಎಷ್ಟೋ ವ್ಯವಸ್ಥೆಗಳಿಗೆ ಸಾಫ್ಟ್‌ವೇರ್ ಮಾತ್ರ ಬದಲಿಸಿ ಎರಡನೇ ಬೀಗ ಹಾಕಿದಂತಾಗುತ್ತದೆ. ಅಂಥ ಕಡೆ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಕಾರ್ಡ್‌ಗಳ ಗೂಢಲಿಪಿಯನ್ನು ಸಂಶೋಧಕರು 2008ರಲ್ಲೇ ಮುರಿದು ತೋರಿಸಿದ್ದಾರೆ. ಕಾರ್ಡನ್ನು ನಕಲು ಮಾಡಿದವನಿಗೆ ತಾಳ ಗೊತ್ತಿಲ್ಲದಿದ್ದರೆ ಬಾಗಿಲು ತೆರೆಯದು. ಇಷ್ಟಂತೂ ನಿಜವಾದ ಲಾಭ.

ಈಗ ಅಳತೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಾವತಿ ರೀಡರ್‌ಗಳು ಮೇಲ್ಮೈಯಿಂದ 4 ಸೆಂಟಿಮೀಟರ್ ಎತ್ತರದವರೆಗೆ ಕಾರ್ಡನ್ನು ಓದಬೇಕು ಅನ್ನುವುದು ನಿಯಮ. ಕೈ ಸೆಕೆಂಡ್‌ಗೆ ಅರ್ಧ ಮೀಟರ್ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಆ 4 ಸೆಂಟಿಮೀಟರ್ ದಾಟಲು 80 ಮಿಲಿಸೆಕೆಂಡ್ ಬೇಕು. ಅದೇ ಕಾರ್ಡ್ ದಪ್ಪ ಪರ್ಸ್ ಒಳಗಿದ್ದು, ಓರೆಯಾಗಿ ಬಂದು, 2 ಸೆಂಟಿಮೀಟರ್‌ನಲ್ಲಿ ಮಾತ್ರ ಎಚ್ಚರವಾಯಿತು ಅಂದರೆ ಗಡಿಯಾರ ಶುರುವಾಗುವುದು 40 ಮಿಲಿಸೆಕೆಂಡ್ ತಡ. ಹೊರಗೆ ಹೋಗುವಾಗ ಮತ್ತೆ 40 ಮಿಲಿಸೆಕೆಂಡ್ ಮೊದಲೇ ನಿಲ್ಲುತ್ತದೆ. ಕೈ ಮಾಡಿದ್ದು ಅದೇ ಚಲನೆ, ರೀಡರ್ ಲೆಕ್ಕದಲ್ಲಿ ಹಿಡಿದ ಹೊತ್ತು 80 ಮಿಲಿಸೆಕೆಂಡ್ ಕಡಿಮೆ. ಅರ್ಧ ಸೆಕೆಂಡ್‌ನ ಸಮ ತಾಳವನ್ನು ಬಾರಿಸುವಾಗ ನಮ್ಮ ಕೈ ತಾನಾಗಿ ತಪ್ಪುವುದು ಸಾಮಾನ್ಯವಾಗಿ ಕೆಲವೇ ಶೇಕಡ, ಅಂದರೆ ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಆಸುಪಾಸು. ಪರ್ಸ್‌ನ ತಪ್ಪು ಕೈಯ ತಪ್ಪಿಗಿಂತ ಜಾಸ್ತಿ! ಇದರ ಮೇಲೆ ರೀಡರ್ ಸದಾ ಕಣ್ಣು ಬಿಟ್ಟಿರುವುದೂ ಇಲ್ಲ. ಒಂದೊಂದು ಬಗೆಯ ಕಾರ್ಡ್‌ಗೂ ಸರದಿಯಲ್ಲಿ ಕೂಗಿ ನೋಡುತ್ತಿರುತ್ತದೆ, ಎರಡು ಕೂಗುಗಳ ನಡುವೆ ಕಾರ್ಡ್ ಬಂದರೆ ಮುಂದಿನ ಸರದಿಯವರೆಗೆ ಅದಕ್ಕೆ ಗೊತ್ತಾಗುವುದಿಲ್ಲ.

ಒಳ್ಳೆಯ ಎಂಜಿನಿಯರ್ ಇದಕ್ಕೆ ದಾರಿ ಹುಡುಕುತ್ತಾರೆ. ಹಿಡಿದ ಹೊತ್ತನ್ನು ಬಿಟ್ಟುಬಿಡಿ, ಒಂದು ಬಡಿತದ ಶುರುವಿನಿಂದ ಮುಂದಿನದರ ಶುರುವಿನವರೆಗೆ ಅಳೆಯಿರಿ. ತಡ ಆಗುವುದು ಎಲ್ಲ ಬಡಿತಕ್ಕೂ ಒಂದೇ ಆದ್ದರಿಂದ ಅದು ಕಳೆದುಹೋಗುತ್ತದೆ. ಸರಿಯಾದ ಉಪಾಯ. ಆದರೆ ಅದಕ್ಕೆ ತೆರುವ ಬೆಲೆ ಲೆಕ್ಕ ಹಾಕಿದಾಗ ಕಾಣುತ್ತದೆ.

ಎಷ್ಟು ತಾಳಗಳಿವೆ?

ಐದು ಬಡಿತದ ತಾಳದಲ್ಲಿ ಐದು ಹಿಡಿತ, ನಾಲ್ಕು ಬಿಡುವು, ಒಟ್ಟು ಒಂಬತ್ತು ಅಳತೆ. ಒಂದೊಂದರಲ್ಲೂ ಗಿಡ್ಡ ಅಥವಾ ಉದ್ದ ಅಂತ ಎರಡನ್ನು ಮಾತ್ರ ಬೇರ್ಪಡಿಸಲು ಆದರೆ 512 ತಾಳಗಳು. ಗಿಡ್ಡ, ನಡು, ಉದ್ದ ಅಂತ ಮೂರು ಆದರೆ 19,683. ನಾಲ್ಕು ಅಂಕಿಯ ಪಿನ್‌ನಲ್ಲಿ ಇರುವುದು 10,000. ಪರವಾಗಿಲ್ಲವೇ ಅನ್ನಬಹುದು. ಆದರೆ ಮೇಲಿನ ಉಪಾಯದಂತೆ ಹಿಡಿತಗಳನ್ನು ಬಿಟ್ಟು ಶುರುವಿನಿಂದ ಶುರುವಿಗೆ ಅಳೆದರೆ ಉಳಿಯುವುದು ನಾಲ್ಕೇ ಅಳತೆ. ಎರಡು ಬಗೆಯಾದರೆ 16 ತಾಳ, ಮೂರು ಬಗೆಯಾದರೆ 81. ಪಿನ್‌ನಂತೆ ಮೂರು ಸಲ ತಪ್ಪಿದರೆ ಲಾಕ್ ಅಂತ ಇಟ್ಟರೂ, 16ರಲ್ಲಿ ಮೂರು ಅವಕಾಶ ಅಂದರೆ ಕಳ್ಳನಿಗೆ ಐದರಲ್ಲಿ ಒಂದರ ಹತ್ತಿರದ ಗೆಲುವು.

ಇದೂ ಎಲ್ಲರೂ ಮನಸ್ಸಿಗೆ ಬಂದಂತೆ ಬೇರೆ ಬೇರೆ ತಾಳ ಆರಿಸುತ್ತಾರೆ ಅಂದುಕೊಂಡರೆ ಮಾತ್ರ. ಜನ ಹಾಗೆ ಮಾಡುವುದಿಲ್ಲ. ಪಿನ್‌ಗೆ 1234 ಇಟ್ಟವರು ತಾಳಕ್ಕೆ ಎಲ್ಲರ ಬಾಯಲ್ಲೂ ಇರುವ ಹಾಡನ್ನೇ ಇಡುತ್ತಾರೆ.

ತಾಳವನ್ನೇ ಪಾಸ್‌ವರ್ಡ್ ಮಾಡುವ ಪ್ರಯೋಗ 2009ರಲ್ಲಿ ನಡೆದಿದೆ, ಕಾರ್ಡ್‌ನಲ್ಲಲ್ಲ, ಒಂದೇ ಒಂದು ಬಟನ್ ಮೇಲೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇಕಬ್ ವೊಬ್ರಾಕ್ ಹತ್ತು ಜನರಿಗೆ ಅವರವರ ತಾಳ ಬಾರಿಸಲು ಹೇಳಿದರು. ತಮ್ಮದೇ ತಾಳದಲ್ಲಿ ಅವರು ಒಳಗೆ ಹೋಗಲು ಗೆದ್ದದ್ದು 83.2 ಶೇಕಡ ಸಲ. ಬೇರೆಯವರು ಬಾರಿಸುವುದನ್ನು ನೋಡಿ, ಕೇಳಿ ನಕಲು ಮಾಡಿದಾಗ ಗೆದ್ದದ್ದು 10.7 ಶೇಕಡ. ಎರಡನೇ ಸಂಖ್ಯೆ ಭರವಸೆ ಕೊಡುತ್ತದೆ: ಕದ್ದು ನೋಡಿದ ಪಿನ್ ಪ್ರತಿ ಸಲವೂ ಕೆಲಸ ಮಾಡುತ್ತದೆ, ಕದ್ದು ಕೇಳಿದ ತಾಳ ಹಾಗಲ್ಲ. ಮೊದಲನೇ ಸಂಖ್ಯೆ ಮಾತ್ರ ಕಷ್ಟದ್ದು. ಆರರಲ್ಲಿ ಒಂದು ಸಲ ಮಾಲೀಕರನ್ನೇ ಹೊರಗೆ ನಿಲ್ಲಿಸುವ ಬೀಗ ಸ್ವಂತ ಕಪಾಟಿಗೆ ನಡೆದೀತು, ಹಿಂದೆ ಸಾಲು ನಿಂತಿರುವ ಕಡೆ ನಡೆಯದು. ಗೆಲುವನ್ನು 97 ಶೇಕಡಕ್ಕೆ ಏರಿಸಿದರೂ ಹತ್ತು ಲಕ್ಷ ಟ್ಯಾಪ್‌ಗಳಲ್ಲಿ 30,000 ಸಲ ಅಸಲಿ ಮಾಲೀಕರು ಮುಖ ಸಣ್ಣದು ಮಾಡಿಕೊಂಡು ಮತ್ತೆ ಬಾರಿಸಬೇಕು. ತಪ್ಪನ್ನು ಕ್ಷಮಿಸುವಂತೆ ಸಡಿಲ ಮಾಡಿದರೆ ಕಳ್ಳನಿಗೂ ಅದೇ ಸಡಿಲ ಸಿಗುತ್ತದೆ. ಈ ಜಗ್ಗಾಟ ಮೈ ಅಥವಾ ನಡವಳಿಕೆಯಿಂದ ಗುರುತು ಹಿಡಿಯುವ ಎಲ್ಲ ಬಯೋಮೆಟ್ರಿಕ್‌ಗಳಲ್ಲೂ ಇದೆ, ಅಳತೆಗಳು ಕಡಿಮೆ ಇರುವ ಕಡೆ ಮಾತ್ರ ಅದು ಹೆಚ್ಚು ನೋಯಿಸುತ್ತದೆ.

ಇನ್ನು ಯಂತ್ರದ ಕಳ್ಳ. ಅವನಿಗೆ ಕೈಯೇ ಬೇಡ. ಕಾರ್ಡ್‌ನಂತೆ ನಟಿಸುವ ಫೋನ್ ಒಂದೇ ಜಾಗದಲ್ಲಿ ಕೂತು, ಬೇಕಾದ ಮಿಲಿಸೆಕೆಂಡ್‌ಗೆ ಮಾತಾಡಿ, ಬೇಕಾದ ಮಿಲಿಸೆಕೆಂಡ್‌ಗೆ ಸುಮ್ಮನಾದರೆ ಸಾಕು, ರೀಡರ್‌ಗೆ ಅದು ಪಕ್ಕಾ ತಾಳವಾಗಿ ಕೇಳುತ್ತದೆ. ಮನುಷ್ಯನಿಗಿಂತ ಚೆನ್ನಾಗಿಯೇ ಬಾರಿಸುತ್ತದೆ. ತೀರಾ ಕರಾರುವಾಕ್ಕಾಗಿದ್ದರೆ ಅನುಮಾನಿಸಿ ಅಂತ ರೀಡರ್‌ಗೆ ಹೇಳಿಕೊಟ್ಟರೆ, ಕಳ್ಳ ನಾಲ್ಕು ತಪ್ಪು ಸೇರಿಸುತ್ತಾನೆ ಅಷ್ಟೇ.

ಗುರುತಿಗಿಂತ ಉದ್ದೇಶಕ್ಕೆ ಇದು ಹೊಂದುತ್ತದೆ

ಇಷ್ಟು ಓದಿ ಇದು ಕೆಲಸಕ್ಕೆ ಬಾರದ್ದು ಅನಿಸಿದರೆ ಅದೂ ಅವಸರದ ತೀರ್ಪು. ಯಾರು ಅನ್ನುವುದನ್ನು ಪಕ್ಕಕ್ಕಿಟ್ಟು, ಕೊಡುವ ಮನಸ್ಸಿತ್ತಾ ಅಂತ ಕೇಳಿದರೆ ಚಿತ್ರ ಬದಲಾಗುತ್ತದೆ. ಜೇಬಿನ ಹತ್ತಿರ ರೀಡರ್ ತಂದು ಕದ್ದು ಓದುವವರನ್ನು ತಡೆಯಲು ಸಾವಿರಾರು ತಾಳಗಳು ಬೇಕಿಲ್ಲ. ಮಾಲೀಕರು ಬೇಕಂತ ಮಾಡಿದ, ತಾನಾಗಿ ಆಗಲು ಸಾಧ್ಯವಿಲ್ಲದ ಒಂದು ಚಲನೆ ಸಾಕು. ಆದರೆ ಅದನ್ನು ಅಳೆಯುವ ಗಡಿಯಾರ ಮಾಲೀಕರ ಕಡೆಯೇ ಇರಬೇಕು.

ಗಡಿಯಾರ ಇರುವ ಸಾಧನ ಈಗಾಗಲೇ ಬಹಳ ಜನರ ಕೈಯಲ್ಲಿ ಇದೆ: ಫೋನ್, ಸ್ಮಾರ್ಟ್‌ವಾಚ್. ಇವಕ್ಕೆ ಬ್ಯಾಟರಿ ಇದೆ, ಚಲನೆಯ ಸೆನ್ಸರ್ ಇದೆ, ಒಂದೇ ಟ್ಯಾಪ್‌ನಲ್ಲೂ ಬಂದ ಹೊತ್ತು, ಹೋದ ಹೊತ್ತಿನ ಜೊತೆಗೆ ತೋಳು ಎದ್ದ ರೀತಿ, ತಿರುಗಿದ ಕೋನ, ನಿಧಾನವಾದ ಬಗೆ ಎಲ್ಲ ಅಳತೆಗೆ ಸಿಗುತ್ತದೆ. 2022ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಮಾರ್ಟ್‌ವಾಚ್‌ನಿಂದ ಪಾವತಿ ಮಾಡುವ ಕೈಚಲನೆಯಲ್ಲಿ ಎರಡನ್ನೂ ಪರೀಕ್ಷಿಸಿದರು: ಇದು ಮಾಲೀಕರ ಕೈಯಾ, ಮತ್ತು ಇದು ಪಾವತಿ ಮಾಡಲೆಂದೇ ಚಾಚಿದ ಕೈಯಾ. ಹೊಸದೇನನ್ನೂ ಕಲಿಯದೆ, ಎಂದಿನಂತೆ ಕೈ ಚಾಚಿದರೆ ಸಾಕು ಅನ್ನುವುದೇ ಅದರ ಸೊಗಸು. ಆದರೆ ಇದರಲ್ಲೊಂದು ವ್ಯಂಗ್ಯವೂ ಇದೆ. ಫೋನ್‌ಗೆ ಬೆರಳಚ್ಚು, ಮುಖ, ಪಿನ್ ಎಲ್ಲ ಈಗಾಗಲೇ ಇವೆ. ಕೈಚಲನೆಯ ಅಳತೆ ಚೆನ್ನಾಗಿ ನಡೆಯುವ ಕಡೆ ಅದರ ಅಗತ್ಯ ಕಡಿಮೆ, ಅಗತ್ಯ ಇರುವ ಬಡ ಕಾರ್ಡ್‌ನಲ್ಲಿ ಅದು ಸರಿಯಾಗಿ ನಡೆಯುವುದಿಲ್ಲ.

ಬೇಗ ಆಗಲಿ ಅಂತಲೇ ಬಂದದ್ದು

ಟ್ಯಾಪ್ ಹುಟ್ಟಿದ್ದೇ ಅವಸರಕ್ಕೆ. ಜಪಾನ್‌ನಲ್ಲಿ 2001ರಲ್ಲಿ ಬಂದ ಸೂಯಿಕಾ ಅನ್ನುವ ರೈಲು ಪ್ರಯಾಣದ ಕಾರ್ಡ್ 0.2 ಸೆಕೆಂಡ್‌ನಲ್ಲಿ ಕೆಲಸ ಮುಗಿಸುವಂತೆ ರೂಪಿಸಿದ್ದು. ಲಂಡನ್ನಿನ ಸಾರಿಗೆ ಸಂಸ್ಥೆ ಗೇಟ್‌ಗಳಲ್ಲಿ ಬ್ಯಾಂಕ್ ಕಾರ್ಡ್‌ಗಳಿಗೆ ಅರ್ಧ ಸೆಕೆಂಡ್‌ನ ಗುರಿ ಇಟ್ಟುಕೊಂಡಿತ್ತು. ಐದು ಬಡಿತದ ತಾಳಕ್ಕೆ ಎರಡು ಮೂರು ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಪಿನ್ ಒತ್ತಿಯೇ ಮುಗಿಸಬಹುದು, ಅದೂ 10,000 ಆಯ್ಕೆಗಳೊಂದಿಗೆ.

ಕೈ ನಡುಗುವವರ ಪ್ರಶ್ನೆ ಇದಕ್ಕಿಂತ ದೊಡ್ಡದು. ಪಾರ್ಕಿನ್ಸನ್ ಇದ್ದವರು, ಸಂಧಿವಾತ ಇದ್ದವರು, ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಕಾರ್ಡ್ ಹಿಡಿದವರು, ವಯಸ್ಸಾದವರು. ಇವರ ಸಮಯ ಹೆಚ್ಚು ಕದಲುತ್ತದೆ, ಹಾಗಾಗಿ ಯಂತ್ರ ಇವರನ್ನೇ ಜಾಸ್ತಿ ತಿರಸ್ಕರಿಸುತ್ತದೆ. ಸರಾಸರಿ ಗೆಲುವು ಎಷ್ಟು ಚೆನ್ನಾಗಿ ಕಂಡರೂ ಅದರೊಳಗೆ ಈ ಗುಂಪಿನ ಸೋಲು ಅಡಗಿ ಕೂತಿರುತ್ತದೆ. ಬೇರೆ ದಾರಿ ಕೊಟ್ಟರಾಯಿತು ಅನ್ನಬಹುದು. ಕೊಡಲೇಬೇಕು. ಆದರೆ ಕಳ್ಳನೂ ಅದೇ ಬೇರೆ ದಾರಿಯಲ್ಲಿ ಬರುತ್ತಾನೆ.

ಕಾನೂನು ಇದನ್ನು ಯಾವ ಖಾನೆಗೆ ಹಾಕುತ್ತದೆ

ಯುರೋಪಿನ ಪಾವತಿ ಕಾನೂನು ಗುರುತನ್ನು ಮೂರು ಖಾನೆಗಳಲ್ಲಿ ನೋಡುತ್ತದೆ: ಗೊತ್ತಿರುವುದು, ಕೈಲಿರುವುದು, ಮೈಗೆ ಅಂಟಿರುವುದು. ಎರಡು ಬೇರೆ ಬೇರೆ ಖಾನೆಯಿಂದ ಒಂದೊಂದು ಬೇಕು. 2019ರ ಜೂನ್‌ನಲ್ಲಿ ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರ ಕೊಟ್ಟ ಅಭಿಪ್ರಾಯದಲ್ಲಿ ಕೀಲಿ ಒತ್ತುವ ಲಯ, ಸಾಧನ ಹಿಡಿಯುವ ಕೋನ ಇವೆಲ್ಲ ಮೈಗೆ ಅಂಟಿರುವ ಖಾನೆಗೆ ಸೇರುತ್ತವೆ. ನೆನಪಿಟ್ಟುಕೊಂಡು ಪರದೆ ಮೇಲೆ ಎಳೆಯುವ ಗೆರೆಯ ವಿನ್ಯಾಸ ಗೊತ್ತಿರುವ ಖಾನೆಗೆ. ಈ ಲೆಕ್ಕದಲ್ಲಿ ನೋಡಿದರೆ, ಬೇಕಂತ ಬಾರಿಸುವ ತಾಳ ಪಿನ್ ಪಕ್ಕದಲ್ಲಿ ಕೂರಬೇಕು, ತಾನಾಗಿ ಬರುವ ಕೈಶೈಲಿ ಬೆರಳಚ್ಚಿನ ಪಕ್ಕದಲ್ಲಿ.

ಇದು ಬರಿ ಕಾಗದದ ಮಾತಲ್ಲ. ಬೆರಳಚ್ಚಿನ ಪಕ್ಕ ಕೂತ ಕೂಡಲೇ ಡೇಟಾ ರಕ್ಷಣೆಯ ಕಾನೂನೂ ಬಂದು ನಿಲ್ಲುತ್ತದೆ. ಯುರೋಪಿನ ಜಿಡಿಪಿಆರ್‌ನಲ್ಲಿ ಬಯೋಮೆಟ್ರಿಕ್ ಡೇಟಾ ಅನ್ನುವುದರೊಳಗೆ ಮೈಯ ಲಕ್ಷಣಗಳ ಜೊತೆ ನಡವಳಿಕೆಯ ಲಕ್ಷಣಗಳೂ ಇವೆ. ತಾಳ ಸೋರಿಹೋದರೆ ಹೊಸ ತಾಳ ಇಡಬಹುದು. ಕೈಶೈಲಿ ಸೋರಿಹೋದರೆ ಹೊಸ ಕೈ ಎಲ್ಲಿಂದ ತರುವುದು? ಕೈಯ ಚಲನೆಯನ್ನು ಮೇಲಿಂದ ಮೇಲೆ ಅಳೆದಿಟ್ಟುಕೊಂಡವರಿಗೆ ನಡುಕ, ದಣಿವು, ಕಾಯಿಲೆಯ ಸುಳಿವೂ ಸಿಗಬಹುದು ಅನ್ನುವುದನ್ನೂ ಮರೆಯುವಂತಿಲ್ಲ.

ಹಣ ಹೋದ ಮೇಲೆ

ಗ್ರಾಹಕರಿಗೆ ಕೊನೆಗೆ ತಟ್ಟುವುದು ಹೊಣೆಯ ಪ್ರಶ್ನೆ. ಪಿನ್ ಇಲ್ಲದ ಟ್ಯಾಪ್‌ನಲ್ಲಿ ಹಣ ಹೋದರೆ ನಾನು ಮಾಡಿಲ್ಲ ಅನ್ನುವುದು ಸುಲಭ, ಯಾಕಂದರೆ ಯಾರು ಮಾಡಿದರು ಅನ್ನುವುದಕ್ಕೆ ಬ್ಯಾಂಕಿನ ಹತ್ತಿರವೂ ಪುರಾವೆ ಇಲ್ಲ. ತಾಳ ಹೊಂದಿತು ಅನ್ನುವ ಒಂದು ಸಾಲು ದಾಖಲೆಗೆ ಸೇರಿದರೆ ತಕ್ಕಡಿ ವಾಲುತ್ತದೆ. ಪಿನ್ ವಿಷಯದಲ್ಲಿ ಇದು ನಡೆದು ಹೋಗಿದೆ. ಪಿನ್ ಸರಿಯಾಗಿದೆ, ಹಾಗಾಗಿ ನೀವೇ ಮಾಡಿರಬೇಕು ಅಥವಾ ಯಾರಿಗೋ ಹೇಳಿರಬೇಕು ಅನ್ನುವ ಉತ್ತರ ಎಷ್ಟೋ ಜನರಿಗೆ ಸಿಕ್ಕಿದೆ. 2010ರಲ್ಲಿ ಕೇಂಬ್ರಿಜ್ ಸಂಶೋಧಕರು, ಸರಿಯಾದ ಪಿನ್ ಗೊತ್ತಿಲ್ಲದೆಯೇ ಪಿನ್ ಸರಿ ಇದೆ ಅಂತ ಅಂಗಡಿಯ ಕಾರ್ಡ್ ಯಂತ್ರ ನಂಬುವಂತೆ ಮಾಡಬಹುದು ಅಂತ ತೋರಿಸಿದ ಮೇಲೆಯೇ ಆ ವಾದದ ಬಿಗಿ ಸ್ವಲ್ಪ ಸಡಿಲವಾಗಿದ್ದು.

ಪಿನ್ ಅಂದರೆ ಹೊಂದಿತು ಅಥವಾ ಹೊಂದಲಿಲ್ಲ. ತಾಳ ಹಾಗಲ್ಲ, ಅದು ಇಷ್ಟು ಶೇಕಡ ಹೊಂದಿತು ಅನ್ನುವ ಅಂಕ. ಆ ಅಂಕಕ್ಕೆ ಎಲ್ಲಿ ಗೆರೆ ಎಳೆದರು, ಸಾಲು ಉದ್ದ ಆಯಿತು ಅಂತ ಗೆರೆಯನ್ನು ಯಾವಾಗ ಕೆಳಗಿಳಿಸಿದರು, ಆ ದಿನ ನಿಮ್ಮ ಅಂಕ ಎಷ್ಟಿತ್ತು, ಇದೆಲ್ಲ ಇರುವುದು ವ್ಯವಸ್ಥೆ ನಡೆಸುವವರ ಕಂಪ್ಯೂಟರ್‌ನಲ್ಲಿ. ದೂರು ಕೊಡಲು ಹೋದವರಿಗೆ ಕಾಣುವುದು ಹೌದು ಅನ್ನುವ ಒಂದೇ ಪದ. ಯಾವುದಾದರೂ ಸಂಸ್ಥೆ ಇಂಥದ್ದನ್ನು ತಂದರೆ ಮೊದಲು ಕೇಳಬೇಕಾದ್ದು ಎರಡು: ಅಳೆದದ್ದು ನನ್ನ ಸಾಧನವೋ ನಿಮ್ಮದೋ, ಮತ್ತು ತಗಾದೆ ಬಂದಾಗ ಆ ಅಂಕವನ್ನೂ ಗೆರೆಯನ್ನೂ ನನಗೆ ತೋರಿಸುತ್ತೀರಾ. ಎರಡನೆಯದಕ್ಕೆ ಇಲ್ಲ ಅಂದರೆ, ತಾಳ ಹೊಂದಿತು ಅನ್ನುವುದನ್ನು ನನ್ನ ವಿರುದ್ಧದ ಪುರಾವೆ ಅಂತ ಬಳಸುವುದಿಲ್ಲ ಅಂತ ಒಪ್ಪಂದದಲ್ಲೇ ಬರೆದುಕೊಡಲಿ.